ಹುಳುವಿಗೆ ಕಿಟಕಿ, ಕೂಲಿಯವರಿಗೆ ಗೋಡೆ

ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ಕಡೆಗೆ ಹೋಗುವವರು ಹಿಪ್ಪುನೇರಳೆ ತೋಟಗಳ ನಡುವೆ ಒಂದು ಬಗೆಯ ಕಟ್ಟಡವನ್ನು ಕಂಡಿರುತ್ತಾರೆ. ಉದ್ದನೆಯ ಕೋಣೆ, ಎತ್ತರದ ಚಾವಣಿ, ಎರಡೂ ಉದ್ದ ಗೋಡೆಗಳಲ್ಲಿ ಎದುರುಬದುರಾಗಿ ಕಿಟಕಿಗಳು. ಕಿಟಕಿಯ ಮೇಲೂ ನೆಲದ ಹತ್ತಿರವೂ ಗಾಳಿಕಿಂಡಿಗಳು. ಊಜಿ ನೊಣ ಒಳಗೆ ಬಾರದಂತೆ ಅವಕ್ಕೆಲ್ಲ ನೈಲಾನ್ ಬಲೆ. ಬಿಸಿಲು ನೇರವಾಗಿ ಗೋಡೆಗೆ ಬಡಿಯದಿರಲೆಂದು ಸುತ್ತ ಜಗಲಿ, ಆಚೆಗೆ ನೆರಳಿನ ಮರಗಳು. ಇದು ಸರ್ಕಾರಿ ಶಾಲೆಯಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರವೂ ಅಲ್ಲ. ಅವು ಇಷ್ಟು ಚೆನ್ನಾಗಿದ್ದರೆ ನಾವು ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಇದು ರೇಷ್ಮೆ ಹುಳು ಸಾಕುವ ಮನೆ.

ಹುಳುವಿನ ಉಸಿರಾಟದ ಬಗ್ಗೆ ನಮ್ಮ ನಾಡಿನಲ್ಲಿರುವ ತಿಳುವಳಿಕೆ ಹೆಮ್ಮೆಪಡುವಂಥದು. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಉಷ್ಣಾಂಶ ಬೇಕು, ಬೆಳೆದ ಹುಳುವಿಗೆ 24ರಿಂದ 25 ಡಿಗ್ರಿ ಸಾಕು, ತೇವಾಂಶ ಶೇ. 70ರ ಆಸುಪಾಸಿನಲ್ಲಿರಬೇಕು ಎಂಬುದನ್ನು ಓದು ಬಾರದ ರೈತನೂ ಬಲ್ಲ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು, ಕಿಟಕಿ ತೆರೆದಿರಬೇಕು. ಗಾಳಿಯಾಡದ ಮನೆಯಲ್ಲಿ ಸೆಕೆ, ತೇವ ಎರಡೂ ಏರಿದರೆ ಸಪ್ಪೆ ರೋಗ ಬಂದು ಇಡೀ ಬೆಳೆ ಹೋಗುತ್ತದೆ. ಹಣ್ಣಾದ ಹುಳು ಚಂದ್ರಿಕೆ ಹತ್ತಿದ ಮೇಲಂತೂ ಗಾಳಿಯೇ ಸರ್ವಸ್ವ. ಗೂಡು ಕಟ್ಟುವಾಗ ಹೊರಬರುವ ತೇವ ಆಚೆ ಹೋಗದಿದ್ದರೆ ಎಳೆ ಎಳೆಗೆ ಅಂಟಿಕೊಂಡು ನೂಲು ಬಿಚ್ಚುವಾಗ ತುಂಡಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅದಕ್ಕೇ ರೈತರು ಚಂದ್ರಿಕೆಗಳನ್ನು ಹೊರಗೆ ನೆರಳಿನಲ್ಲಿ ನಿಲ್ಲಿಸುತ್ತಾರೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದನ್ನೆಲ್ಲ ದಶಕಗಳಿಂದ ಕಲಿಸುತ್ತಿದೆ, ಇಲಾಖೆ ಹುಳು ಮನೆ ಕಟ್ಟಲು ಸಹಾಯಧನ ಕೊಡುತ್ತದೆ. ಕೊಡಲಿ. ನಮ್ಮ ತಕರಾರು ಹುಳುವಿನ ಮೇಲಲ್ಲ.

ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುತ್ತದೆ. ರಾಮನಗರವನ್ನು ಬಿಟ್ಟರೆ ಇಷ್ಟು ದೊಡ್ಡ ಗೂಡಿನ ಮಾರುಕಟ್ಟೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಹರಾಜಿನಲ್ಲಿ ಕೊಂಡ ರೀಲರ್ ಚೀಲ ತುಂಬಿಸಿಕೊಂಡು ತನ್ನ ಮೊಹಲ್ಲಾಕ್ಕೆ ಹೋಗುತ್ತಾನೆ. ಇಲ್ಲಿಯವರೆಗೆ ಗೂಡಿಗೆ ಸಿಕ್ಕ ಮರ್ಯಾದೆ ಇಲ್ಲಿಂದ ಮುಂದೆ ಯಾರಿಗೂ ಇಲ್ಲ.

ಆ ಮೊಹಲ್ಲಾದ ನೂಲು ಬಿಚ್ಚುವ ಕೋಣೆಯನ್ನು ನೋಡಿ. ಕಲ್ಲು ಚಪ್ಪಡಿಯ ಅಥವಾ ಇಟ್ಟಿಗೆಯ ಗೋಡೆ, ತಲೆಗೆ ತಾಗುವಷ್ಟು ತಗ್ಗಿನ ಸಿಮೆಂಟ್ ಶೀಟಿನ ಸೂರು. ಬಾಗಿಲೊಂದೇ ಬಾಯಿ. ಒಳಗೆ ಒಲೆ, ಒಲೆಯ ಮೇಲೆ ಕುದಿಯುವ ನೀರು, ನೀರಿನಲ್ಲಿ ಗೂಡು. ಗೂಡಿನ ಅಂಟು ಕರಗಿ ಎಳೆ ಸಡಿಲವಾಗಬೇಕಾದರೆ ಬಿಸಿನೀರು ಬೇಕೇ ಬೇಕು. ಒಂದು ಗೂಡಿನಲ್ಲಿ ಆರೇಳು ನೂರು ಮೀಟರಿನಿಂದ ಸಾವಿರ ಮೀಟರಿನವರೆಗೆ ಎಳೆ ಇರುತ್ತದೆ. ಅದರ ತುದಿ ಹುಡುಕುವುದು ಬೆರಳಿನ ಕೆಲಸ, ಆದ್ದರಿಂದ ಮುಖ ಆವಿಯ ಮೇಲೆಯೇ ಬಾಗಿರುತ್ತದೆ. ಎಳೆ ಮುಗಿದಾಗ ಬೆಂದ ಹುಳ ಉಳಿಯುತ್ತದೆ. ಅದರ ವಾಸನೆಯನ್ನು ಒಮ್ಮೆ ಮೂಗಿಗೆ ತಂದುಕೊಂಡವರು ಮರೆಯಲಾರರು. ಸೌದೆಯ ಹೊಗೆ, ನೀರಿನ ಆವಿ, ಕರಗಿದ ಅಂಟಿನ ಮತ್ತು ಬೆಂದ ಹುಳದ ಕಣಗಳು, ನಾಲ್ಕೈದು ಜನರ ಉಸಿರು. ಇವೆಲ್ಲಕ್ಕೂ ಹೊರಹೋಗುವ ದಾರಿ ಒಂದೇ, ಜನ ಒಳಬರುವ ಬಾಗಿಲು.

ರೇಷ್ಮೆ ನೂಲು ಬಿಚ್ಚುವ ಫಿಲೇಚರುಗಳ ಕೆಲಸಗಾರರಲ್ಲಿ ವೃತ್ತಿಯಿಂದಲೇ ಬರುವ ಅಸ್ತಮಾ ಇದೆಯೆಂದು ಭಾರತೀಯ ವಿಜ್ಞಾನಿಗಳು 1985ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ನಾಲ್ಕು ದಶಕ ಕಳೆಯಿತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ತಂದಿತು. ಕರ್ನಾಟಕದ ಹೆಸರು ಅದರಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ದೇಶಕ್ಕೆ ನಾಚಿಕೆಯಾಯಿತು, ದಾಳಿಗಳಾದವು, ಮಕ್ಕಳನ್ನು ಹೊರಗೆ ಕರೆತಂದು ಶಾಲೆಗೆ ಕಳಿಸುವ ಮಾತಾಯಿತು. ಒಳ್ಳೆಯದೇ ಆಯಿತು. ಆದರೆ ಕೋಣೆ? ಕೋಣೆ ಹಾಗೆಯೇ ಉಳಿಯಿತು. ಮಗು ಕೂರಬಾರದಷ್ಟು ಕೆಟ್ಟ ಕೋಣೆಯಲ್ಲಿ ಆ ಮಗುವಿನ ತಾಯಿ ಕೂರಬಹುದೆಂದು ಯಾವ ಶಾಸ್ತ್ರ ಹೇಳಿತು?

ಊರಿನ ಉಳಿದವರು ಈ ಕೋಣೆಗಳ ಬಗ್ಗೆ ಮಾತನಾಡುವುದೇ ಇಲ್ಲವೆಂದಲ್ಲ, ಮಾತನಾಡುತ್ತಾರೆ. "ಆ ಕಡೆ ಹೋದರೆ ಮೂಗು ಮುಚ್ಚಿಕೊಳ್ಳಬೇಕು" ಎನ್ನುತ್ತಾರೆ. ವಾಸನೆ ಬೀದಿಗೆ ಬಂದರೆ ಅದು ಊರಿನ ಸಮಸ್ಯೆ, ಒಳಗೇ ಇದ್ದರೆ ಅದು ಅವರ ಹಣೆಬರಹ. ವಾಸನೆಯ ಮಾತು ಬಹುಬೇಗ ಜನರ ಮಾತಾಗುತ್ತದೆ, "ಅವರೇ ಹಾಗೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಶಿಡ್ಲಘಟ್ಟ, ವಿಜಯಪುರ, ರಾಮನಗರಗಳಲ್ಲಿ ನೂಲು ಬಿಚ್ಚುವವರಲ್ಲಿ ಬಹುಪಾಲು ಮುಸ್ಲಿಮರು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹೀಗಾಗಿ ಒಂದು ಕಟ್ಟಡದ ದೋಷ ಒಂದು ಸಮುದಾಯದ ಗುಣವಾಗಿಬಿಡುತ್ತದೆ. ಈ ಮಾತಿಗೆ ಅಂಜಿ ಇದ್ದೊಂದು ಕಿಂಡಿಯನ್ನೂ ಮುಚ್ಚಿದರೆ ಹೊರಗಿನವರ ಮೂಗು ಉಳಿಯುತ್ತದೆ, ಒಳಗಿನವರ ಶ್ವಾಸಕೋಶ ಹೋಗುತ್ತದೆ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಈ ವಿಷಯ ಇರಲಿಲ್ಲವೇ? ಚೆನ್ನಾಗಿಯೇ ಇತ್ತು. 13ನೇ ಸೆಕ್ಷನ್ ಗಾಳಿ ಮತ್ತು ಉಷ್ಣಾಂಶದ್ದು, 14ನೆಯದು ದೂಳು-ಹೊಗೆಯದು. 16ನೆಯದರ ಪ್ರಕಾರ ಪ್ರತಿ ಕೆಲಸಗಾರನಿಗೆ 14.2 ಘನ ಮೀಟರ್ ಜಾಗವಿರಬೇಕು. ಹತ್ತಡಿ ಅಗಲ, ಹದಿನೈದಡಿ ಉದ್ದ, ಒಂಬತ್ತಡಿ ಎತ್ತರದ ಕೋಣೆಯೆಂದರೆ ಸುಮಾರು 38 ಘನ ಮೀಟರ್. ಲೆಕ್ಕ ಹಾಕಿದರೆ ಅಲ್ಲಿ ಇಬ್ಬರು ಕೂರಬಹುದು, ಮೂರನೆಯವರಿಗೆ ಜಾಗ ಸಾಲದು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸುವಲ್ಲಿ ಹತ್ತು ಜನ, ಬಳಸದಲ್ಲಿ ಇಪ್ಪತ್ತು ಜನ ದುಡಿಯುವ ಜಾಗಕ್ಕೆ. ಅದರ ಸ್ಥಾನಕ್ಕೆ 2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಆ ಸಂಖ್ಯೆಗಳನ್ನು ಇಪ್ಪತ್ತು ಮತ್ತು ನಲವತ್ತಕ್ಕೆ ಏರಿಸಿತು. ನಾಲ್ಕೈದು ಜನ ಕೂತ ಕೋಣೆ ಹಳೆಯ ಕಾಯ್ದೆಗೂ ಕಾಣುತ್ತಿರಲಿಲ್ಲ, ಹೊಸದಕ್ಕೆ ಇನ್ನೂ ದೂರವಾಯಿತು.

ಕಾರ್ಖಾನೆಯಲ್ಲದಿದ್ದರೆ ಮನೆ ಎಂದಾದರೂ ಲೆಕ್ಕಕ್ಕೆ ಬರುತ್ತದೆಯೇ? ಕೇಂದ್ರ ಸರ್ಕಾರ 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ನಿಯಮಾವಳಿಯನ್ನು ತಂದಿತು. ಕಡಿಮೆ ವಿದ್ಯುತ್ತಿನಲ್ಲಿ ಮನೆ ತಂಪಾಗಿರಬೇಕು, ಗಾಳಿಯಾಡಬೇಕು ಎಂಬ ಒಳ್ಳೆಯ ಉದ್ದೇಶದ್ದು. ಬೆಂಗಳೂರಿನಂಥ ಸಮಶೀತೋಷ್ಣ ಹವೆಯಲ್ಲಿ ನೆಲದ ವಿಸ್ತೀರ್ಣದ ಶೇ. 12.5ರಷ್ಟು ತೆರೆಯಬಹುದಾದ ಕಿಟಕಿ-ಕಿಂಡಿಗಳಿರಬೇಕು ಎನ್ನುತ್ತದೆ ಅದು. ನಮ್ಮ ಹತ್ತು-ಹದಿನೈದರ ಕೋಣೆಗೆ ಇದು ಹತ್ತೊಂಬತ್ತು ಚದರ ಅಡಿಯಾಗುತ್ತದೆ. ಆದರೆ ಇದು ಅನ್ವಯವಾಗುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಅಷ್ಟು ಜಾಗದಲ್ಲಿ ಶಿಡ್ಲಘಟ್ಟದ ಒಂದು ಗಲ್ಲಿಯ ಅರ್ಧ ಭಾಗವೇ ಹಿಡಿಸೀತು! ಮೇಲಿನಿಂದ ಬಂದ ನಿಯಮ ಬಡವನ ಬಾಗಿಲಿಗೆ ತಲುಪುವ ಮೊದಲೇ ಮುಗಿದುಹೋಗುತ್ತದೆ.

2006ರ ಸಾಚಾರ್ ಸಮಿತಿ ವರದಿಯನ್ನು ನಮ್ಮವರು ಮೀಸಲಾತಿಯ ಚರ್ಚೆಗೆ ಮಾತ್ರ ಬಳಸುತ್ತಾರೆ. ಅದರಲ್ಲಿ ಇನ್ನೊಂದು ಅಂಕಿಯಿದೆ. ದುಡಿಯುವ ಮುಸ್ಲಿಂ ಮಹಿಳೆಯರಲ್ಲಿ ಸುಮಾರು ಶೇ. 70ರಷ್ಟು ಮಂದಿ ದುಡಿಯುವುದು ತಮ್ಮ ಮನೆಯೊಳಗೇ. ದೇಶದ ಎಲ್ಲ ದುಡಿಯುವ ಮಹಿಳೆಯರನ್ನು ತೆಗೆದುಕೊಂಡರೆ ಅದು ಶೇ. 51ರ ಆಸುಪಾಸು. ಬೀಡಿ ಸುತ್ತುವುದು, ಊದುಬತ್ತಿ ಹೊಸೆಯುವುದು, ಜರಿ ಕಸೂತಿ, ರೇಷ್ಮೆ ಹುರಿ ಮಾಡುವುದು, ಇವೆಲ್ಲ ಅಡುಗೆಯೂ ನಿದ್ದೆಯೂ ನಡೆಯುವ ಕೋಣೆಯಲ್ಲೇ ನಡೆಯುತ್ತವೆ. ಮನುಷ್ಯ ದಿನಕ್ಕೆ ತಿನ್ನುವುದು ಒಂದೆರಡು ಕಿಲೋ. ಉಸಿರಾಡುವ ಗಾಳಿ ಹತ್ತು ಸಾವಿರ ಲೀಟರಿಗೂ ಹೆಚ್ಚು. ತಿನ್ನುವುದು ಹಲಾಲೋ ಹರಾಮೋ ಎಂದು ವಿಚಾರಿಸುವ ನಾವು ಒಳಗೆಳೆಯುವುದು ಏನೆಂದು ವಿಚಾರಿಸಿದ್ದು ಯಾವಾಗ?

"ಗಾಳಿಗೆ ದುಡ್ಡು ಬೇಕು, ಕರೆಂಟು ಬೇಕು. ಬಡ ರೀಲರ್ ಎಲ್ಲಿಂದ ತರಬೇಕು?" ಎಂದು ಕೇಳುವವರಿಗೆ ನಮ್ಮ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಮೇಲೆ ದಾರಿಯಿದ್ದರೆ ಹೊರಹೋಗುತ್ತದೆ. ಹೋದ ಜಾಗ ತುಂಬಲು ಕೆಳಗಿನ ಕಿಂಡಿಯಿಂದ ಹೊಸ ಗಾಳಿ ತಾನಾಗಿ ಬರುತ್ತದೆ. ಇದಕ್ಕೆ ಯಂತ್ರವಿಲ್ಲ, ಮೀಟರಿಲ್ಲ. ಬೇಕಾದದ್ದು ಮೂರು: ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ, ಒಳಗೆ ಬಿಸಿ. ಸಾಮಾನ್ಯ ಮನೆಯಲ್ಲಿ ಈ ಮೂರನೆಯದಕ್ಕೇ ಕೊರತೆ. ಒಳಗೂ ಹೊರಗೂ ಉಷ್ಣಾಂಶ ಒಂದೇ ಆಗಿದ್ದಾಗ ಗಾಳಿ ಅಲುಗುವುದಿಲ್ಲ. ನೂಲು ಬಿಚ್ಚುವ ಕೋಣೆಯಲ್ಲಾದರೋ ಒಲೆ ಬೆಳಗಿನಿಂದ ಉರಿಯುತ್ತಿರುತ್ತದೆ. ಸೌದೆಯ ದುಡ್ಡು ಹೇಗೂ ಕೊಟ್ಟಾಗಿದೆ. ಗಾಳಿ ಎಳೆಯುವ ಎಂಜಿನ್ ಒಳಗೇ ಚಾಲೂ ಇದೆ, ಅದಕ್ಕೆ ಕೊಳವೆ ಮಾತ್ರ ಕೊಟ್ಟಿಲ್ಲ. ಜಿಲ್ಲೆಯ ಎಲ್ಲ ಕಟ್ಟಡಗಳಲ್ಲಿ ವಿದ್ಯುತ್ತಿಲ್ಲದೆ ಗಾಳಿಯಾಡಿಸಲು ಅತಿ ಸುಲಭವಾದದ್ದು ಈ ಕೋಣೆ. ಅತಿ ಕೆಟ್ಟ ಗಾಳಿ ಇರುವುದೂ ಇಲ್ಲಿಯೇ!

ನೆಲದ ಹತ್ತಿರ ಎರಡು ಚದರ ಅಡಿಯ ಕಿಂಡಿ, ಸೂರಿನಲ್ಲಿ ಎರಡು ಚದರ ಅಡಿಯ ಕಿಂಡಿ, ನಡುವೆ ಎಂಟಡಿ ಎತ್ತರ, ಒಳಗಿನ ಬಿಸಿ ಹೊರಗಿಗಿಂತ ಹತ್ತು ಡಿಗ್ರಿ ಹೆಚ್ಚು ಎಂದಿಟ್ಟುಕೊಳ್ಳಿ. ಭೌತಶಾಸ್ತ್ರದ ಸರಳ ಸೂತ್ರದಂತೆ ಸೆಕೆಂಡಿಗೆ ಸುಮಾರು ನೂರು ಲೀಟರ್ ಗಾಳಿ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಾಮಾನ್ಯ ಕಟ್ಟಡಗಳಿಗೆ ಶಿಫಾರಸು ಮಾಡಿದ್ದು ಒಬ್ಬರಿಗೆ ಸೆಕೆಂಡಿಗೆ ಹತ್ತು ಲೀಟರ್. ನಾಲ್ಕು ಚದರ ಅಡಿಯ ತೂತಿನಿಂದ ಹತ್ತು ಜನರ ಉಸಿರಿನ ಲೆಕ್ಕ ಮುಗಿಯಿತು. ಹೊಗೆ-ಆವಿಗೆ ಇಷ್ಟು ಸಾಲದು ನಿಜ. ಅದಕ್ಕೆ ಒಲೆಯ ಮೇಲೆ ತಗಡಿನ ಗೂಡೆ ಕವುಚಿ, ಸೂರು ದಾಟಿ ಮೇಲೇರುವ ಹೊಗೆಕೊಳವೆ ಕೊಡಬೇಕು. ಹುಟ್ಟಿದ ಜಾಗದಲ್ಲೇ ಹಿಡಿದ ಹೊಗೆ ಕೋಣೆಗೆ ಹರಡುವುದಿಲ್ಲ. ಕಿಂಡಿಯನ್ನು ಎರಡರಷ್ಟು ದೊಡ್ಡದು ಮಾಡಿದರೆ ಗಾಳಿಯೂ ಎರಡರಷ್ಟಾಗುತ್ತದೆ. ಎತ್ತರವನ್ನು ಎರಡರಷ್ಟು ಮಾಡಿದರೆ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು, ಒಂದೂವರೆಗೆ ಕಡಿಮೆ. ಹಾಗಾಗಿ ಸೂರು ಎತ್ತರಿಸಲಾರದವರು ಕಿಂಡಿಯನ್ನು ಅಗಲಿಸಲಿ. ಒಲೆ ಆರಿದ ಮೇಲೂ ಗಾಳಿ ಬೇಕೆನ್ನುವಲ್ಲಿ ಸಣ್ಣದೊಂದು ಎಕ್ಸಾಸ್ಟ್ ಫ್ಯಾನ್ ಸಾಕು. ಸೀಲಿಂಗ್ ಫ್ಯಾನ್ ಈ ಕೆಲಸ ಮಾಡುವುದಿಲ್ಲ, ಅದು ಇದ್ದ ಗಾಳಿಯನ್ನೇ ಕಲಕುತ್ತದೆ. ಸೆಕೆಗೆ ಅದು ಬೇಕಾದರೆ 75 ವ್ಯಾಟಿನ ಹಳೆಯದಕ್ಕೆ ಬದಲು 30 ವ್ಯಾಟಿನ ಸುತ್ತಮುತ್ತ ತಿರುಗುವ ಬಿಎಲ್‌ಡಿಸಿ ಫ್ಯಾನುಗಳು ಈಗ ಪೇಟೆಯಲ್ಲಿ ಸಿಗುತ್ತವೆ.

ಮಾಲೀಕರ ವಾದವೂ ಇದೆ. ಗಾಳಿ ಬೀಸಿದರೆ ಎಳೆ ಹಾರುತ್ತದೆ, ಒಲೆಯ ಉರಿ ಚದುರುತ್ತದೆ, ನೀರು ತಣಿಯುತ್ತದೆ ಎನ್ನುತ್ತಾರೆ. ಎಳೆಯ ಮೇಲೆಯೇ ಬೀಸುವ ಗಾಳಿ ಬೇಡವೆಂಬುದು ಸರಿ. ಆದರೆ ಯಾರು ಹೇಳಿದರು ಕಿಂಡಿಯನ್ನು ಬೇಸಿನ್ನಿನ ನೇರಕ್ಕೇ ಇಡಬೇಕೆಂದು? ಮೊಣಕಾಲಿನ ಕೆಳಗಿನಿಂದ ಒಳಬಂದು ಸೂರಿನಿಂದ ಹೊರಹೋಗುವ ಗಾಳಿಗೆ ಎಳೆ ಹಾರಿಸುವ ರಭಸವಿಲ್ಲ. ಇನ್ನು ಸೌದೆಯ ವಿಷಯ. ಟೆರಿ ಸಂಸ್ಥೆ ಸ್ವಿಸ್ ನೆರವಿನಿಂದ ತೊಂಬತ್ತರ ದಶಕದಲ್ಲೇ ನಮ್ಮ ರೇಷ್ಮೆ ಊರುಗಳಿಗಾಗಿ ಸೌದೆಯಿಂದ ಅನಿಲ ಮಾಡಿ ಉರಿಸುವ ಗ್ಯಾಸಿಫೈಯರ್ ಒಲೆಗಳನ್ನು ರೂಪಿಸಿ ಪ್ರಯೋಗಿಸಿತ್ತು. ಸೌದೆ ಉಳಿಯಿತು, ಹೊಗೆಯೂ ಇಳಿಯಿತು. ಕೆಟ್ಟ ಒಲೆ ಮಾಲೀಕನ ಜೇಬನ್ನೂ ಸುಡುತ್ತದೆ, ಕೂಲಿಯವಳ ಕಣ್ಣನ್ನೂ ಸುಡುತ್ತದೆ. ಇಬ್ಬರ ಹಿತವೂ ಒಂದೇ ಆಗಿರುವ ಅಪರೂಪದ ಜಾಗವಿದು. ಸಣ್ಣ ರೀಲರ್ ಸ್ವತಃ ಸಾಲದಲ್ಲಿರುವವನು, ಗೂಡಿನ ಬೆಲೆ ಏರಿದರೂ ನೂಲಿನ ಬೆಲೆ ಇಳಿದರೂ ಸಾಯುವವನು ಅವನೇ, ಎಷ್ಟೋ ಕಡೆ ಆ ಆವಿಯಲ್ಲಿ ಅವನ ಹೆಂಡತಿಯೂ ಕೂತಿರುತ್ತಾಳೆ ಎಂಬುದು ನಮಗೆ ಗೊತ್ತು. ಅವನನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಗೋಡೆಗೆ ತೂತು ಕೊರೆಯಲು ಬೇಕಾದದ್ದು ಗಾರೆಯವನ ಒಂದೆರಡು ದಿನದ ಕೂಲಿ. ಅದನ್ನೂ ಮಾಡದಿರುವುದಕ್ಕೆ ಬಡತನವೊಂದೇ ಕಾರಣವಲ್ಲ. ಅದು ಮಾಡಬೇಕಾದ ಕೆಲಸವೆಂದು ಯಾರೂ, ಯಾವ ಅಧಿಕಾರಿಯೂ, ಯಾವ ಮೌಲವಿಯೂ ಅವನಿಗೆ ಹೇಳಿಲ್ಲ.

ಮೌಲವಿಯ ಮಾತು ಬಂದದ್ದರಿಂದ ನಮ್ಮ ಮನೆಯ ಕಡೆಗೇ ತಿರುಗೋಣ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಮಸೀದಿಗಳಿಗೂ ಶಾದಿ ಮಹಲುಗಳಿಗೂ ಎ.ಸಿ. ಹಾಕಿಸುವ ಉಮೇದು ಹೆಚ್ಚಾಗಿದೆ. ಚಂದಾ ಬೇಗ ಕೂಡುತ್ತದೆ, ದಾನಿಯ ಹೆಸರು ಫಲಕದಲ್ಲಿ ಬರುತ್ತದೆ. ಎ.ಸಿ. ಬಂದ ಕೂಡಲೆ ಕಿಟಕಿಗಳಿಗೆ ಗಾಜು, ಗಾಜಿಗೆ ಅಂಟುಪಟ್ಟಿ, ಮೇಲಿನ ಗಾಳಿಕಿಂಡಿಗೆ ಸಿಮೆಂಟು. ಗೋಡೆಗೆ ನೇತುಹಾಕುವ ಸಾಮಾನ್ಯ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯಲ್ಲಿದ್ದುದನ್ನೇ ತಿರುತಿರುಗಿಸಿ ತಣಿಸುತ್ತದೆ ಎಂಬ ಸಂಗತಿ ಎಷ್ಟು ಮಂದಿಗೆ ಗೊತ್ತಿದೆ? ಜುಮಾ ನಮಾಜಿಗೆ ಮುನ್ನೂರು ಜನ ಸೇರಿದ ಮುಚ್ಚಿದ ಸಭಾಂಗಣದಲ್ಲಿ ಪ್ರತಿಯೊಬ್ಬರೂ ಪಕ್ಕದವರು ಬಿಟ್ಟ ಉಸಿರನ್ನೇ ತಣ್ಣಗೆ ಮಾಡಿಕೊಂಡು ಸೇವಿಸುತ್ತಿರುತ್ತಾರೆ. ಖುತ್ಬಾದ ವೇಳೆ ತೂಕಡಿಕೆ ಬರುವುದಕ್ಕೆ ಖತೀಬರನ್ನೇ ಪೂರ್ತಿ ದೂರುವಂತಿಲ್ಲ! ಒಂದೂವರೆ ಟನ್ನಿನ ಒಂದು ಎ.ಸಿ. ನುಂಗುವ ವಿದ್ಯುತ್ತಿನಲ್ಲಿ ಇಪ್ಪತ್ತು ಹಳೆಯ ಫ್ಯಾನು ತಿರುಗುತ್ತವೆ. ಸಮುದ್ರಮಟ್ಟದಿಂದ ಇಷ್ಟು ಮೇಲಿರುವ, ಬೇಸಿಗೆಯ ರಾತ್ರಿಯೂ ತಂಪಾಗುವ ನಂದಿಬೆಟ್ಟದ ಈ ಸೀಮೆಗೆ ಅದು ಬೇಕೇ?

2007ರಲ್ಲಿ ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಕಿಟಕಿ-ಬಾಗಿಲು ತೆರೆದಿಟ್ಟ ವಾರ್ಡುಗಳಲ್ಲಿ ಗಾಳಿ ಗಂಟೆಗೆ ಸರಾಸರಿ 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಕೊಡುವ ಆಧುನಿಕ ಕೋಣೆಗಳ ಲೆಕ್ಕ 12 ಸಲ. 1950ಕ್ಕಿಂತ ಹಿಂದೆ ಕಟ್ಟಿದ, ಎತ್ತರದ ಚಾವಣಿಯ, ದೊಡ್ಡ ಕಿಟಕಿಯ ಹಳೆಯ ವಾರ್ಡುಗಳಲ್ಲಂತೂ ಅದು 40ರವರೆಗೆ ಹೋಗಿತ್ತು. ಕ್ಷಯ ಸೋಂಕುವ ಅಪಾಯ ಅಲ್ಲಿಯೇ ಅತಿ ಕಡಿಮೆ. ಕ್ಷಯ ನಮ್ಮ ಮೊಹಲ್ಲಾಗಳಿಗೆ ಹೊಸ ಅತಿಥಿಯಲ್ಲ, ಆದ್ದರಿಂದ ಈ ಅಂಕಿಗಳು ನಮ್ಮವೂ ಹೌದು.

ಕೋವಿಡ್ ಬಂದಾಗಲೂ ಇದೇ ಆಯಿತು. 2020ರಲ್ಲಿ ಟಿ.ವಿ. ವಾಹಿನಿಗಳು ರೋಗಕ್ಕೊಂದು ಧರ್ಮ ಹುಡುಕಿದವು, ತಬ್ಲೀಗಿನ ಹೆಸರಿನಲ್ಲಿ ಹಣ್ಣು ಮಾರುವವನನ್ನೂ ಬೀದಿಯಿಂದ ಓಡಿಸಲಾಯಿತು. ಜನ ಪಾತ್ರೆ-ಪಗಡಿ, ತರಕಾರಿ, ನೋಟುಗಳನ್ನೆಲ್ಲ ತೊಳೆದರು. ರೋಗಾಣು ಗಾಳಿಯಲ್ಲೂ ತೇಲಿ ಹರಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದ್ದು 2021ರಲ್ಲಿ. "ಅಲ್ಲಿ ಯಾರಿದ್ದರು?" ಎಂದು ಕೇಳಿದ ದೇಶ "ಆ ಕೋಣೆಯಲ್ಲಿ ಕಿಟಕಿ ತೆರೆದಿತ್ತೇ?" ಎಂದು ಒಮ್ಮೆಯೂ ಕೇಳಲಿಲ್ಲ. ನಾವಾದರೂ ಕೇಳಿದೆವೇ? ಬೀಗ ತೆಗೆದ ಮೇಲೆ ಮಸೀದಿಗೆ ಬಂದದ್ದು ಸ್ಯಾನಿಟೈಸರ್, ಅದರ ಹಿಂದೆಯೇ ಎ.ಸಿ.

ವಿದ್ಯುತ್ ಉಳಿಸಬೇಕಾದರೆ ಕಟ್ಟಡವನ್ನು ಬಿಗಿಯಾಗಿ ಮುಚ್ಚಬೇಕೆಂಬ ತರ್ಕ ಶೀತ ದೇಶಗಳಿಂದ ಬಂದದ್ದು. ಅಲ್ಲಿಯೂ ಅದು ಕೈಕೊಟ್ಟಿತು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಕಟ್ಟಡದೊಳಗೆ ಬಿಡುವ ಹೊಸ ಗಾಳಿಯನ್ನು ಕಡಿತ ಮಾಡಿದರು. ಕಚೇರಿಗಳಲ್ಲಿ ತಲೆನೋವು, ಕಣ್ಣುರಿಯ ದೂರುಗಳು ಹೆಚ್ಚಿದವು, 'ರೋಗಿಷ್ಠ ಕಟ್ಟಡ' ಎಂಬ ಮಾತೇ ಹುಟ್ಟಿತು. 1989ರಲ್ಲಿ ಅಲ್ಲಿನ ಎಂಜಿನಿಯರುಗಳ ಸಂಘ ತನ್ನ ಕನಿಷ್ಠ ಪ್ರಮಾಣವನ್ನು ಮೂರು ಪಟ್ಟು ಏರಿಸಬೇಕಾಯಿತು. ಬೆಂಗಳೂರಿನ ಗಾಜಿನ ಗೋಪುರಗಳು ಆ ಪಾಠವನ್ನು ಓದಿದಂತಿಲ್ಲ. ಅದು ಅವರ ಪಾಡು.

ಇನ್ನೊಂದು ಆಕ್ಷೇಪ ನಮ್ಮೊಳಗಿನದು. "ಕಿಟಕಿ ಇಟ್ಟರೆ ಪರ್ದಾದ ಗತಿ?" ಮನೆಯ ಬೀದಿ ಬದಿಯ ಗೋಡೆಯಲ್ಲಿ ಕಿಟಕಿಯನ್ನೇ ಇಡದ, ಇಟ್ಟರೂ ದಪ್ಪ ಪರದೆ ಬಿಟ್ಟು ವರ್ಷಗಟ್ಟಲೆ ತೆರೆಯದ ಎಷ್ಟೋ ಕುಟುಂಬಗಳಿವೆ. ಅವರಿಗೆ ನಾವು ಕೇಳುವುದು ಇಷ್ಟೇ: ಮುಸ್ಲಿಂ ಜಗತ್ತಿನ ಕುಶಲಕರ್ಮಿಗಳು ಕೈರೋದಿಂದ ಬಿಜಾಪುರದವರೆಗೆ ಜಾಲಂಧ್ರಗಳನ್ನು ಕೆತ್ತಿದ್ದು ಯಾವುದಕ್ಕೆ? ಗಾಳಿ ಬರಬೇಕು, ಬೆಳಕು ಬರಬೇಕು, ಹೊರಗಿನ ಕಣ್ಣು ಬರಬಾರದು ಎಂಬ ಮೂರನ್ನೂ ಒಟ್ಟಿಗೆ ಸಾಧಿಸುವುದಕ್ಕೆ. ಬಿಜಾಪುರದ 17ನೇ ಶತಮಾನದ ಇಬ್ರಾಹಿಂ ರೋಜಾದಲ್ಲಿ ಸತ್ತವರ ಗೋರಿಗೂ ಅರಬಿ ಅಕ್ಷರಗಳನ್ನೇ ಕೊರೆದ ಕಲ್ಲಿನ ಜಾಲಿಯ ಕಿಟಕಿಗಳಿವೆ. ನಮ್ಮಲ್ಲಿ ಬದುಕಿರುವ ಹೆಂಗಸರಿಗೆ ಅಷ್ಟೂ ಇಲ್ಲ. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗಾವಾನನ ಮದ್ರಸದಲ್ಲಿ ನಡುವೆ ವಿಶಾಲ ಅಂಗಳ, ಸುತ್ತ ಮೂರು ಅಂತಸ್ತು. ಇಂದಿನ ನಮ್ಮ ಮದ್ರಸಗಳ ಹಾಸ್ಟೆಲ್ ಕೋಣೆಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಐದು ಶತಮಾನದಲ್ಲಿ ನಾವು ಯಾವ ದಿಕ್ಕಿಗೆ ನಡೆದಿದ್ದೇವೆಂದು ಗೊತ್ತಾದೀತು. ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಆರೋಗ್ಯದ ಮೂಲ ಕಾರಣಗಳಲ್ಲಿ ಗಾಳಿಯನ್ನೂ ಎಣಿಸಿದ್ದ. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕಲು ಅಲ್ ರಾಝಿ ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡು ನೇತುಹಾಕಿ, ಎಲ್ಲಿ ತಡವಾಗಿ ಕೊಳೆಯಿತೋ ಆ ಜಾಗವನ್ನು ಆರಿಸಿದನೆಂಬ ಕಥೆಯಿದೆ. ಕಥೆ ನಿಜವಿರಲಿ ಬಿಡಲಿ, ಅದನ್ನು ಹೇಳಿ ಹೆಮ್ಮೆಪಡುವವರಲ್ಲಿ ನಾವು ಮೊದಲಿಗರು. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಗೆ ರೇಷ್ಮೆ ಕೊಟ್ಟ ಎಂದು ವೇದಿಕೆಗಳಲ್ಲಿ ಎದೆ ತಟ್ಟಿಕೊಳ್ಳುವವರೂ ನಾವೇ.

ಹಿಂದಿನ ಮನೆಗಳ ಜಾಣತನಕ್ಕೆ ಕೈರೋಗಾಗಲೀ ಬಿಜಾಪುರಕ್ಕಾಗಲೀ ಹೋಗಬೇಕಾಗಿಯೂ ಇಲ್ಲ. ಇದೇ ಗೌರಿಬಿದನೂರು-ಚಿಂತಾಮಣಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ, ಅದು ಹಿಂದೂಗಳದ್ದಾಗಲಿ ಮುಸ್ಲಿಮರದ್ದಾಗಲಿ, ಅಡುಗೆ ಮನೆಯ ನೆತ್ತಿಯಲ್ಲಿ ಗವಾಕ್ಷಿ ಇರುತ್ತಿತ್ತು. ಹೊಗೆ ಅದರಲ್ಲಿ ಹೋಗುತ್ತಿತ್ತು, ಬೆಳಕು ಅದರಲ್ಲಿ ಬರುತ್ತಿತ್ತು, ಮಳೆ ಬಂದರೆ ಮುಚ್ಚಳ. ಆರ್‌ಸಿಸಿ ಬಂತು, ಗವಾಕ್ಷಿ ಹೋಯಿತು. ಆಮೇಲೆ ಅಲ್ಯೂಮಿನಿಯಮ್ ಸ್ಲೈಡಿಂಗ್ ಕಿಟಕಿ ಬಂತು. ನೋಡಲು ಚೆಂದ, ಆದರೆ ಒಂದು ಪಲ್ಲೆಯ ಹಿಂದೆ ಇನ್ನೊಂದು ಸರಿಯುವುದರಿಂದ ಅರ್ಧ ಮಾತ್ರ ತೆರೆಯುತ್ತದೆ. ಹನ್ನೆರಡು ಚದರ ಅಡಿ ಕಿಟಕಿಗೆ ದುಡ್ಡು ಕೊಟ್ಟವರಿಗೆ ಸಿಗುವ ಗಾಳಿ ಆರು ಚದರ ಅಡಿಯದು. ಕದ ತೆರೆಯುವ ಹಳೆಯ ಮರದ ಕಿಟಕಿ ಪೂರ್ತಿ ತೆರೆಯುತ್ತಿತ್ತು.

ಹಾಗಾದರೆ ಯಾರಿಂದ ಏನು ಆಗಬೇಕು? ರೇಷ್ಮೆ ಇಲಾಖೆ ರೀಲಿಂಗ್ ಘಟಕಕ್ಕೆ ಸಹಾಯಧನ ಕೊಡುವಾಗ ಎಷ್ಟು ಬೇಸಿನ್, ಎಷ್ಟು ಎಂಡ್, ಯಾವ ಯಂತ್ರ ಎಂದು ಎಣಿಸುತ್ತದೆ. ಅದೇ ಅರ್ಜಿಯಲ್ಲಿ ಸೂರಿನ ಎತ್ತರ, ಕಿಂಡಿಗಳ ಚದರ ಅಡಿ, ಹೊಗೆಕೊಳವೆ ಎಂಬ ಮೂರು ಕಾಲಂ ಸೇರಿಸಲಿ. ತುಂಬದಿದ್ದರೆ ಹಣ ತಡೆಯುವ ಬದಲು, ಕಿಂಡಿ ಕೊರೆಯುವ ಖರ್ಚನ್ನೇ ಸಹಾಯಧನದಲ್ಲಿ ಸೇರಿಸಲಿ. ಹುಳು ಮನೆಯ ನಕ್ಷೆ ಬರೆದ ಎಂಜಿನಿಯರುಗಳಿಗೆ ನೂಲಿನ ಮನೆಯ ನಕ್ಷೆ ಬರೆಯುವುದು ಹೊರೆಯೇ? ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ ಇದು ಒಂದು ತಿಂಗಳ ಕೆಲಸ. ಗೌರಿಬಿದನೂರಿನ ಹೋಬಳಿಯಾಗಿದ್ದು ಈಗ ತಾಲ್ಲೂಕಾಗಿರುವ ಮಂಚೇನಹಳ್ಳಿಗೆ ಹೊಸ ಕಚೇರಿಗಳು, ಹಾಸ್ಟೆಲುಗಳು ಬರಬೇಕಾಗಿವೆ. ಅವಾದರೂ ಮೊದಲ ದಿನದಿಂದಲೇ ಹುಳು ಮನೆಯಷ್ಟು ಗಾಳಿಯಾಡುವಂತಿರಲಿ ಎಂದು ಅಲ್ಲಿನ ಜನ ಕೇಳಬೇಕು. ಗಾಜಿನ ಮುಖವಾಡದ ಮಿನಿ ವಿಧಾನಸೌಧ ಬೇಡವೆಂದೂ ಹೇಳಬೇಕು.

ಜಮಾತುಗಳಿಗೆ ನಮ್ಮ ಬೇಡಿಕೆ ಇನ್ನೂ ಸಣ್ಣದು. ಮಸೀದಿಯ ಮುಚ್ಚಿದ ಗಾಳಿಕಿಂಡಿಗಳನ್ನು ಒಡೆದು ತೆರೆಯಿರಿ, ತಾರಸಿಗೆ ಬಿಳಿ ಸುಣ್ಣ ಹೊಡೆಸಿರಿ, ಎ.ಸಿ.ಗೆಂದು ಎತ್ತಿದ ಚಂದಾದಲ್ಲಿ ಒಂದು ಪಾಲನ್ನು ಮೊಹಲ್ಲಾದ ಹತ್ತು ನೂಲಿನ ಕೋಣೆಗಳ ಸೂರಿಗೆ ಕೊಡಿರಿ. ಯಾವ ಹತ್ತು ಎಂಬುದನ್ನು ಆರಿಸಲು ಸಮಿತಿ ಬೇಡ. ಬೆಳಿಗ್ಗೆ ಒಲೆ ಹತ್ತಿದ ಮೇಲೆ ಗಲ್ಲಿಯಲ್ಲಿ ನಡೆದರೆ ಯಾವ ಬಾಗಿಲಿನಿಂದ ಹೊಗೆ ದಟ್ಟವಾಗಿ ಹೊರಬರುತ್ತಿದೆಯೆಂದು ಕಾಣುತ್ತದೆ, ಅಲ್ಲಿಂದ ಶುರುಮಾಡಬಹುದು. ಮಳೆಗಾಲದ ಮುಂಚೆ ಸೂರಿನ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು, ಜೂನ್ ಬಂದರೆ ಶೀಟು ತೆಗೆಯಲು ಯಾರೂ ಒಪ್ಪುವುದಿಲ್ಲ.